ಕತ್ತಿ ಮಸೆಯಲು ನೀರಿನ ಸಾಣೆ: ಕಡಿಮೆ ಖರ್ಚಿನಲ್ಲಿ ಯಾವುದು ಸಾಕು?

ತೋಟದ ಖರ್ಚಿನಲ್ಲಿ ನಾವು ಯಾರೂ ಬರೆದಿಡದ ಒಂದು ಬಾಬ್ತು ಇದೆ. ಅದು ಮೊಂಡು ಕತ್ತಿಯಿಂದ ಆಗುವ ನಷ್ಟ. ಹರಿತವಾದ ಕತ್ತಿಯಲ್ಲಿ ಒಂದೇ ಏಟಿಗೆ ಬೀಳುವ ಗೆಲ್ಲು ಮೊಂಡು ಕತ್ತಿಗೆ ಮೂರು ಏಟು ಕೇಳುತ್ತದೆ. ದಿನಕ್ಕೆ ಎಷ್ಟು ಏಟು ಆದೀತು, ಲೆಕ್ಕ ಹಾಕಿ ನೋಡಿ. ಸಂಬಳ ಕೊಡುವುದು ನಾವು, ಭುಜ ನೋಯುವುದು ಕೆಲಸದವರಿಗೆ. ಮೇಲಾಗಿ ಮೊಂಡು ಕತ್ತಿ ಮರದ ಮೇಲೆ ನಿಲ್ಲದೆ ಜಾರುತ್ತದೆ. ಜಾರಿದ ಕತ್ತಿ ಎಲ್ಲಿಗೆ ಬರುತ್ತದೆ ಅಂತ ಹೇಳಬೇಕಾಗಿಲ್ಲ.

ಮೊದಲಾದರೆ ಊರಿಗೊಂದು ಕುಲುಮೆ ಇತ್ತು. ವರ್ಷಕ್ಕೊಮ್ಮೆ ಆಚಾರ್ರ ಹತ್ತಿರ ಬಾಯಿ ಕಟ್ಟಿಸಿ, ಉಳಿದ ದಿನ ಮರದ ಹಲಗೆಗೆ ಬೆಣಚುಕಲ್ಲಿನ ಹುಡಿ ಹಾಕಿ ಮಸೆದರೆ ಸಾಕಾಗುತ್ತಿತ್ತು. ಸೈಕಲ್ ಪೆಡಲು ತುಳಿದು ಸಾಣೆ ಹಿಡಿಯುವವರೂ ಬೇಸಿಗೆಯಲ್ಲಿ ಮನೆಬಾಗಿಲಿಗೆ ಬರುತ್ತಿದ್ದರು. ಈಗ ಕುಲುಮೆಗಳು ಒಂದೊಂದಾಗಿ ತಣ್ಣಗಾಗಿವೆ. ನಮ್ಮ ಸುತ್ತಿನಲ್ಲಿ ಉಳಿದದ್ದು ಒಂದು. ಅಲ್ಲಿ ಕತ್ತಿ ಕೊಟ್ಟರೆ ವಾಪಸು ಸಿಗುವುದು ಮುಂದಿನ ವಾರ.

ಹಾಗಾಗಿ ಮನೆಯಲ್ಲೇ ಒಂದು ಸಾಣೆ ಯಂತ್ರ ಇರಬೇಕು ಅಂತ ಎಲ್ಲರಿಗೂ ಅನ್ನಿಸುತ್ತದೆ. ಪೇಟೆಗೆ ಹೋಗಿ ಕಣ್ಣಿಗೆ ಬಿದ್ದ ಬೆಂಚ್ ಗ್ರೈಂಡರ್ ತರುತ್ತಾರೆ. ಆರು ತಿಂಗಳು ಕಳೆದ ಮೇಲೆ 'ಈಗಿನ ಕಬ್ಬಿಣ ಸರಿ ಇಲ್ಲ ಮಾರಾಯ್ರೆ, ಮಸೆದ ಹರಿತ ನಿಲ್ಲೂದೇ ಇಲ್ಲ' ಅನ್ನುತ್ತಾರೆ. ಹೆಚ್ಚಿನ ಸಲ ತಪ್ಪು ಕಬ್ಬಿಣದ್ದಲ್ಲ. ಒಣ ಕಲ್ಲಿನ ವೇಗದ್ದು.

ಇದಕ್ಕೆ ಪರಿಹಾರ ನೀರಿನಲ್ಲಿ ನಿಧಾನವಾಗಿ ತಿರುಗುವ ಸಾಣೆ. ಇಂಗ್ಲಿಷಿನಲ್ಲಿ ಇದಕ್ಕೂ ವೆಟ್ ಗ್ರೈಂಡರ್ ಅಂತಲೇ ಹೆಸರು. ಆದರೆ ಅಂಗಡಿಯಲ್ಲಿ ಹಾಗೆ ಕೇಳಿದರೆ ದೋಸೆಹಿಟ್ಟು ರುಬ್ಬುವುದನ್ನೇ ತೋರಿಸುತ್ತಾರೆ. 'ಹತ್ಯಾರು ಮಸೆಯುವ, ನೀರಿನ ತೊಟ್ಟಿ ಇರುವ ಗ್ರೈಂಡರ್' ಅಂತ ಬಿಡಿಸಿ ಹೇಳಬೇಕು.

ಕತ್ತಿಯ ಹದ ಸುಡುವುದು ಹೇಗೆ?

ಆಚಾರ್ರು ಕತ್ತಿಯನ್ನು ಕೆಂಪಗೆ ಕಾಯಿಸಿ ನೀರಿಗೋ ಎಣ್ಣೆಗೋ ಅದ್ದಿದಾಗ ಉಕ್ಕು ಗಡುಸಾಗುತ್ತದೆ. ಗಡುಸು ಜಾಸ್ತಿಯಾದರೆ ಅಂಚು ಗಾಜಿನಂತೆ ಒಡೆಯುತ್ತದೆ. ಅದಕ್ಕೆ ಮತ್ತೆ ಸ್ವಲ್ಪವೇ ಕಾಯಿಸಿ ಹದಕ್ಕೆ ತರುತ್ತಾರೆ. ಅವರು ನೋಡುವುದು ಬಣ್ಣವನ್ನು. ಉಜ್ಜಿ ಬೆಳ್ಳಗೆ ಮಾಡಿದ ಉಕ್ಕು ಸುಮಾರು 220 ಡಿಗ್ರಿಗೆ ಒಣಹುಲ್ಲಿನ ಹಳದಿ, 280ರ ಸುಮಾರಿಗೆ ನೇರಳೆ, 300ಕ್ಕೆ ನೀಲಿ ಬಣ್ಣಕ್ಕೆ ಬರುತ್ತದೆ. ಬಿಸಿ ಏರಿದಷ್ಟೂ ಉಕ್ಕು ಮೆದುವಾಗುತ್ತಾ ಹೋಗುತ್ತದೆ.

ಈಗ ಒಣ ಗ್ರೈಂಡರಿನ ಎದುರು ಕತ್ತಿ ಹಿಡಿಯಿರಿ. ಬೆನ್ನು ದಪ್ಪ, ಹಾಗಾಗಿ ಅದು ಬೇಗ ಕಾಯುವುದಿಲ್ಲ. ಅಂಚು ಕಾಗದದಷ್ಟು ತೆಳು. ಅಲ್ಲಿ ಹುಟ್ಟಿದ ಬಿಸಿಗೆ ಹೋಗಲು ಜಾಗವೇ ಇಲ್ಲ. ಎರಡು ಮೂರು ಸೆಕೆಂಡಿನಲ್ಲಿ ಅಂಚಿನ ಮೇಲೆ ನೀಲಿ ಗೆರೆ ಕಾಣಿಸಿಕೊಳ್ಳುತ್ತದೆ. ಆ ಗೆರೆ ಬಂತೆಂದರೆ ಅಷ್ಟು ಜಾಗದ ಹದ ಇಳಿಯಿತು ಎಂದೇ ಅರ್ಥ. ಆಮೇಲೆ ಎಷ್ಟು ಮಸೆದರೂ ಹರಿತ ಬರುತ್ತದೆ, ನಿಲ್ಲುವುದಿಲ್ಲ.

'ನಡುನಡುವೆ ನೀರಿಗೆ ಅದ್ದುತ್ತೇವಲ್ಲ' ಅಂತ ಹೇಳುವವರಿದ್ದಾರೆ. ಅದ್ದುವುದು ಒಳ್ಳೆಯದೇ. ಆದರೆ ಅದ್ದುವ ಮೊದಲೇ ಅಂಚು ಕಾದುಬಿಟ್ಟಿದ್ದರೆ ಹೋದ ಹದ ನೀರಿನಿಂದ ಮರಳುವುದಿಲ್ಲ. ಹೊಸ ಅಂಚು ಬರುವವರೆಗೆ ನೀಲಿ ಜಾಗವನ್ನೆಲ್ಲ ಸವೆಸಿ ತೆಗೆಯಬೇಕು. ಹೀಗೆ ಪ್ರತಿ ಸಲ ಒಂದೆರಡು ಮಿಲಿಮೀಟರು ಕಳೆದುಕೊಂಡರೆ, ಹತ್ತು ವರ್ಷ ಬಾಳುವ ಕತ್ತಿ ಮೂರೇ ವರ್ಷಕ್ಕೆ ಪಟ್ಟಿಯಂತಾಗುತ್ತದೆ.

ವೇಗದ ಲೆಕ್ಕ

ಯಂತ್ರ ಆರಿಸುವಾಗ ಮೊದಲು ನೋಡಬೇಕಾದ್ದು ನಿಮಿಷಕ್ಕೆ ಎಷ್ಟು ಸುತ್ತು ಎಂಬುದನ್ನು. ವ್ಯಾಟು, ಬಣ್ಣ, ಗ್ಯಾರಂಟಿ ಎಲ್ಲ ಆಮೇಲೆ.

ಸಾಮಾನ್ಯ ಬೆಂಚ್ ಗ್ರೈಂಡರಿನಲ್ಲಿ 150 ಮಿ.ಮೀ. ಅಂದರೆ ಆರಿಂಚಿನ ಕಲ್ಲು ನಿಮಿಷಕ್ಕೆ ಸುಮಾರು 2,800 ಸುತ್ತು ತಿರುಗುತ್ತದೆ. ಕಲ್ಲಿನ ಅಡ್ಡಳತೆಯನ್ನು 3.14ರಿಂದ ಗುಣಿಸಿ, ಸುತ್ತಿನಿಂದ ಮತ್ತೆ ಗುಣಿಸಿ. ಕಲ್ಲಿನ ಹೊರಮೈ ನಿಮಿಷಕ್ಕೆ 1,300 ಮೀಟರಿಗೂ ಹೆಚ್ಚು ಓಡಿದಂತಾಯಿತು. ಅಷ್ಟು ವೇಗದ ಕಲ್ಲಿಗೆ ನೀರು ಹನಿಸಿದರೆ ನೀರು ನಿಲ್ಲುವುದಿಲ್ಲ, ಮುಖಕ್ಕೆ ಹಾರುತ್ತದೆ.

ನೀರಿನ ಸಾಣೆಗೆ ಹೆಸರಾದದ್ದು 1973ರಲ್ಲಿ ಆರಂಭವಾದ ಸ್ವೀಡನ್ನಿನ ಟಾರ್ಮೆಕ್ ಕಂಪೆನಿ. ಅದರ ದೊಡ್ಡ ಯಂತ್ರದಲ್ಲಿ 250 ಮಿ.ಮೀ. ಕಲ್ಲು 90 ಸುತ್ತು, ಸಣ್ಣದರಲ್ಲಿ 200 ಮಿ.ಮೀ. ಕಲ್ಲು 120 ಸುತ್ತು ತಿರುಗುತ್ತದೆ. ಎರಡರಲ್ಲೂ ಹೊರಮೈ ವೇಗ ನಿಮಿಷಕ್ಕೆ 70ರಿಂದ 75 ಮೀಟರು. ಬೆಂಚ್ ಗ್ರೈಂಡರಿನ ಹದಿನೆಂಟರಲ್ಲಿ ಒಂದು ಪಾಲು ಮಾತ್ರ. ಕಲ್ಲಿನ ಕೆಳಭಾಗ ತೊಟ್ಟಿಯ ನೀರಿನಲ್ಲಿ ಮುಳುಗಿರುತ್ತದೆ, ತಿರುಗುತ್ತಾ ನೀರನ್ನು ಮೇಲಕ್ಕೆ ಹೊತ್ತು ತರುತ್ತದೆ. ಕಿಡಿ ಇಲ್ಲ, ಧೂಳಿಲ್ಲ. ಅಂಚು ತಣ್ಣಗೇ ಇರುತ್ತದೆ.

ಈ 70–75 ಮೀಟರು ಎಂಬ ಅಂಕಿಯನ್ನು ನೆನಪಿಟ್ಟುಕೊಂಡರೆ ಸಾಕು. ಯಾವ ಯಂತ್ರ ತೋರಿಸಿದರೂ ಅಳತೆ ಹಾಕಬಹುದು. 50ರಿಂದ 100ರ ಒಳಗೆ ಬಂದರೆ ಅದು ನೀರಿನ ಸಾಣೆ. ಬರೇ ತೊಟ್ಟಿ ಇದೆ ಅಂತ ನಂಬಬೇಡಿ.

ಪೇಟೆಯಲ್ಲಿ ಏನೇನಿದೆ?

ಕೈಯಿಂದ ತಿರುಗಿಸುವ ಸಾಣೆ: ಬೆಲೆ ಕಡಿಮೆ, ಕರೆಂಟು ಬೇಡ. ಆದರೆ ಒಬ್ಬರು ತಿರುಗಿಸಿದರೆ ಮಾತ್ರ ಇನ್ನೊಬ್ಬರು ಎರಡೂ ಕೈಯಲ್ಲಿ ಕತ್ತಿ ಹಿಡಿಯಬಹುದು. ಕಲ್ಲು ಸಣ್ಣದು. ಮೇಲಿನಿಂದ ತೂತಿನ ಡಬ್ಬಿಯಲ್ಲಿ ನೀರು ಹನಿಸಿ, ನಿಧಾನವಾಗಿ ತಿರುಗಿಸಿದರೆ ಕೆಲಸಕ್ಕಡ್ಡಿಯಿಲ್ಲ. ಎರಡು ಮೂರು ಕತ್ತಿ ಇರುವ ಮನೆಗೆ ಇಷ್ಟೇ ಸಾಕು.

ಒಣ ಬೆಂಚ್ ಗ್ರೈಂಡರ್: ಪಿಕ್ಕಾಸು, ಹಾರೆಯ ಮೊನೆ ತಿದ್ದಲು, ವೆಲ್ಡಿಂಗ್ ಗಂಟು ಸವರಲು ಒಳ್ಳೆಯದು. ಕತ್ತಿಗೆ, ಚಾಕುವಿಗೆ ಬೇಡ. ಇನ್ನೊಂದು ಮಾತು. ಈ ಯಂತ್ರದ ಕಲ್ಲನ್ನು ನೀರಿನಲ್ಲಿ ನೆನೆಸಿಡಲೇಬಾರದು. ನೀರು ಕುಡಿದ ಮಗ್ಗುಲು ಭಾರವಾಗಿ ತೂಕ ತಪ್ಪುತ್ತದೆ. 2,800 ಸುತ್ತಿನಲ್ಲಿ ತೂಕ ತಪ್ಪಿದ ಕಲ್ಲು ಸಿಡಿಯಲೂಬಹುದು.

ಒಣ-ನೀರು ಜೋಡಿ ಯಂತ್ರ: ಒಂದು ಕಡೆ ಜೋರಾಗಿ ತಿರುಗುವ ಸಣ್ಣ ಒಣ ಕಲ್ಲು, ಇನ್ನೊಂದು ಕಡೆ ತೊಟ್ಟಿಯಲ್ಲಿ ನಿಧಾನ ತಿರುಗುವ ದೊಡ್ಡ ಕಲ್ಲು. ಎರಡಕ್ಕೂ ಒಂದೇ ಮೋಟಾರು. ಕಡಿಮೆ ಬಜೆಟಿನವರಿಗೆ ಇದು ಆಸೆ ಹುಟ್ಟಿಸುವ ಯಂತ್ರ. ಇದರಲ್ಲಿ ನೋಡಬೇಕಾದ್ದು ಒಳಗಿನ ಗೇರು. ಅಗ್ಗದವುಗಳಲ್ಲಿ ಪ್ಲಾಸ್ಟಿಕ್ ಗೇರು ಇರುವುದುಂಟು. ಅಡುಗೆಮನೆಯ ಚಾಕುವಿಗೆ ಅದು ತಡೆದೀತು. ಕೊಡಲಿ ಒತ್ತಿದರೆ ಕಲ್ಲು ನಿಂತುಹೋಗುತ್ತದೆ. ಕೊಳ್ಳುವಾಗ ಅಂಗಡಿಯಲ್ಲೇ ಚಾಲೂ ಮಾಡಿಸಿ, ಒಂದು ಮರದ ತುಂಡನ್ನು ನೀರಿನ ಕಲ್ಲಿಗೆ ಒತ್ತಿ ನೋಡಿ. ಬಿಡಿಭಾಗ ಎಲ್ಲಿ ಸಿಗುತ್ತದೆ ಅಂತ ಕೇಳಿ. ಉತ್ತರ ತಡವರಿಸಿದರೆ ಹಣ ಕಿಸೆಯಲ್ಲೇ ಇರಲಿ.

ನೀರಿಗೆಂದೇ ಮಾಡಿದ ಪೂರ್ಣ ಯಂತ್ರ: ಇದು ಎಲ್ಲಕ್ಕಿಂತ ಒಳ್ಳೆಯದು. ಕೋನ ಹಿಡಿದು ನಿಲ್ಲಿಸುವ ಜಿಗ್ಗು, ಚರ್ಮದ ಚಕ್ರ ಎಲ್ಲ ಜೊತೆಗೆ ಬರುತ್ತವೆ. ಬಡಗಿಗಳಿಗೆ, ಹೋಟೆಲಿನವರಿಗೆ ಸರಿ. ಆದರೆ ಹೊರದೇಶದ ಒಳ್ಳೆಯ ಮಾದರಿಯ ಬೆಲೆಯಲ್ಲಿ ಒಂದು ಕಳೆ ಕತ್ತರಿಸುವ ಯಂತ್ರವೇ ಬಂದೀತು. ನಮ್ಮ ಕತ್ತಿಗಳಿಗೆ ಅಷ್ಟು ಬೇಕಾಗಿಲ್ಲ.

ಊರಲ್ಲೇ ಮಾಡಿಸಿದ ಸಾಣೆ

ಇಷ್ಟೆಲ್ಲ ಅಳೆದು ಸುರಿದ ಮೇಲೆ ನಾನು ಐದನೆಯ ದಾರಿ ಹಿಡಿದೆ. ಅಟ್ಟದ ಮೇಲೆ ಹಳೆಯ ಹಿಟ್ಟು ರುಬ್ಬುವ ಗ್ರೈಂಡರು ಇತ್ತು. ಅದರ ಕಲ್ಲು ಸವೆದಿತ್ತು, ಮೋಟಾರು ಗಟ್ಟಿಯಿತ್ತು. ಅರ್ಧ ಎಚ್.ಪಿ., 1,440 ಸುತ್ತು. ಅದನ್ನೇ ಇಳಿಸಿ ವರ್ಕ್‌ಶಾಪಿಗೆ ಒಯ್ದೆ.

1,440ನ್ನು 120ಕ್ಕೆ ಇಳಿಸಬೇಕು. ಅಂದರೆ ಹನ್ನೆರಡರಲ್ಲಿ ಒಂದು. ಒಂದೇ ಬೆಲ್ಟಿನಲ್ಲಿ ಇದು ಕಷ್ಟ, ಪುಲ್ಲಿ ಬಂಡಿಯ ಚಕ್ರದಷ್ಟು ದೊಡ್ಡದಾದೀತು. ಹಾಗಾಗಿ ಎರಡು ಹಂತ ಮಾಡಿಸಿದೆ. ಮೋಟಾರಿಗೆ 2 ಇಂಚಿನ ಪುಲ್ಲಿ, ನಡುವಿನ ಶಾಫ್ಟಿಗೆ 8 ಇಂಚಿನದು. ಅಲ್ಲಿಗೆ ವೇಗ 360. ಅದೇ ನಡುವಿನ ಶಾಫ್ಟಿನ ಇನ್ನೊಂದು ತುದಿಗೆ 2 ಇಂಚು, ಕಲ್ಲಿನ ಶಾಫ್ಟಿಗೆ 6 ಇಂಚು. ಅಲ್ಲಿಗೆ 120. 200 ಮಿ.ಮೀ. ಕಲ್ಲಿಗೆ ನಿಮಿಷಕ್ಕೆ 75 ಮೀಟರು ಸಿಕ್ಕಿತು. ಬೆಲ್ಟು ಸ್ವಲ್ಪ ಜಾರುವುದರಿಂದ ನಿಜವಾಗಿ ಇದಕ್ಕಿಂತ ತುಸು ಕಡಿಮೆ.

ನನಗೆ ಬಿದ್ದ ಖರ್ಚು ಹೀಗಿದೆ. ಕಲ್ಲಿಗೆ 900 ರೂಪಾಯಿ, ನಾಲ್ಕು ಬೇರಿಂಗ್ ಬ್ಲಾಕಿಗೆ 1,000, ನಾಲ್ಕು ಪುಲ್ಲಿಗೆ 1,200, ಎರಡು ಬೆಲ್ಟಿಗೆ 400, ಶಾಫ್ಟು ಮತ್ತು ಲೇತಿನ ಕೆಲಸಕ್ಕೆ 1,000, ಆಂಗಲ್ ಚೌಕಟ್ಟು ಮತ್ತು ವೆಲ್ಡಿಂಗಿಗೆ 1,500. ಒಟ್ಟು 6,000. ಮೋಟಾರು ಮನೆಯದ್ದು. ತೊಟ್ಟಿಗೆ ಹಳೆಯ ಪ್ಲಾಸ್ಟಿಕ್ ಕ್ಯಾನನ್ನು ಅಡ್ಡಕ್ಕೆ ಕೊಯ್ದದ್ದು. ಊರಿಂದೂರಿಗೆ ಈ ಲೆಕ್ಕ ಬದಲಾದೀತು.

ಮಾಡಿಸುವವರು ಮೂರು ವಿಷಯ ಗಮನಿಸಿ. ಒಂದು, ವೇಗ ಇಳಿದಷ್ಟೂ ತಿರುಗುವ ಬಲ ಹೆಚ್ಚುತ್ತದೆ. ಕತ್ತಿ ಎಲ್ಲಾದರೂ ಸಿಕ್ಕಿಕೊಂಡರೆ ಎಳೆದೊಯ್ದೀತು. ಆದ್ದರಿಂದ ಬೆಲ್ಟನ್ನು ಬಿಗಿಯಾಗಿ ಎಳೆದು ಕಟ್ಟಬೇಡಿ, ಒತ್ತಡ ಬಂದಾಗ ಅದು ಜಾರುವಂತಿರಲಿ. ಎರಡು, ಬೆಲ್ಟು-ಪುಲ್ಲಿಗಳಿಗೆ ಜಾಲರಿಯ ಮುಚ್ಚಳ ಇರಲೇಬೇಕು. ಪಂಚೆಯ ತುದಿ, ಸೀರೆಯ ಸೆರಗು, ಮಕ್ಕಳ ಬೆರಳು ಹೋಗಲು ಒಂದು ಕ್ಷಣ ಸಾಕು. ಮೂರು, ಕಲ್ಲಿನ ಎರಡೂ ಬದಿಗೆ ಅಗಲವಾದ ಬಿಲ್ಲೆ, ಅದರ ಒಳಗೆ ದಪ್ಪ ಕಾಗದದ ವಾಷರು ಇಟ್ಟು ನಟ್ಟು ಬಿಗಿಯಿರಿ. ಕಬ್ಬಿಣ ನೇರವಾಗಿ ಕಲ್ಲಿಗೆ ಒತ್ತಿದರೆ ಬಿರುಕು ಬರುತ್ತದೆ.

ಕಲ್ಲಿನ ಮೇಲಿನ ಬರಹ

ಸಾಣೆಕಲ್ಲಿನ ಮಗ್ಗುಲಿಗೆ ಅಂಟಿಸಿದ ಕಾಗದವನ್ನು ಹೆಚ್ಚಿನವರು ಓದುವುದೇ ಇಲ್ಲ. ಎಲ್ಲ ಗುಟ್ಟು ಅಲ್ಲೇ ಇದೆ. ಉದಾಹರಣೆಗೆ 'ಎ 80 ಕೆ 5 ವಿ' ಅಂತ ಇದ್ದರೆ, 'ಎ' ಅಂದರೆ ಅಲ್ಯುಮಿನಿಯಂ ಆಕ್ಸೈಡ್. ಉಕ್ಕಿಗೆ ಬೇಕಾದ್ದು ಇದೇ. 'ಡಬ್ಲ್ಯೂಎ' ಅಂದರೆ ಅದರಲ್ಲೇ ಬಿಳಿಯ ಜಾತಿ, ಅದೂ ಒಳ್ಳೆಯದು. 'ಜಿಸಿ' ಎಂಬ ಹಸಿರು ಕಲ್ಲು ಕಾರ್ಬೈಡ್ ತುದಿಯ ಹತ್ಯಾರಿಗೆ ಇರುವುದು. ಕತ್ತಿಗೆ ಹಿಡಿದರೆ ಕಲ್ಲೇ ಬೇಗ ಸವೆಯುತ್ತದೆ.

ಮುಂದಿನ ಅಂಕಿ ತರಿ. ಅಂಕಿ ಹೆಚ್ಚಿದಷ್ಟು ತರಿ ನಯ. ತೋಟದ ಕತ್ತಿ, ಕೊಡಲಿಗೆ 80 ಸಾಕು. ಚಾಕುವಿಗೆ 120ರಿಂದ ಮೇಲೆ. ಒಂದೇ ಕಲ್ಲು ಕೊಳ್ಳುವುದಾದರೆ 100ರ ಆಸುಪಾಸು.

ಅದರ ನಂತರದ ಅಕ್ಷರ ಕಲ್ಲಿನ ಬಿಗಿ ಹೇಳುತ್ತದೆ. ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಮುಂದೆ ಹೋದಷ್ಟು ಗಟ್ಟಿ. ಗಡುಸು ಉಕ್ಕಿಗೆ ಮೆದು ಕಲ್ಲು ಬೇಕು ಎಂಬುದು ವಿಚಿತ್ರ ಅನ್ನಿಸೀತು. ಕಾರಣ ಇಷ್ಟೇ. ಮೆದು ಕಲ್ಲಿನಲ್ಲಿ ಮೊಂಡಾದ ತರಿ ಉದುರಿ ಹೊಸ ತರಿ ಮೇಲೆ ಬರುತ್ತದೆ. ತೀರ ಗಟ್ಟಿ ಕಲ್ಲಿನ ಮೈ ಕನ್ನಡಿಯಂತಾಗಿ ಬರೇ ಉಜ್ಜುತ್ತದೆ, ಕೊರೆಯುವುದಿಲ್ಲ. ಎಚ್‌ನಿಂದ ಕೆವರೆಗಿನದು ಈ ಕೆಲಸಕ್ಕೆ ಹೊಂದುತ್ತದೆ. ಕೊನೆಯ 'ವಿ' ಅಂದರೆ ಮಣ್ಣಿನಂಥ ಅಂಟಿನಲ್ಲಿ ಸುಟ್ಟು ಮಾಡಿದ ಕಲ್ಲು. ನೀರಿಗೆ ಇದೇ ಆಗಬೇಕು. ರಾಳದ ಅಂಟಿನ ಕಲ್ಲು ನೀರಿನಲ್ಲಿ ಕ್ರಮೇಣ ಸಡಿಲವಾಗುತ್ತದೆ.

ಕಾರ್ಬೋರಂಡಮ್ ಯೂನಿವರ್ಸಲ್, ಗ್ರೈಂಡ್‌ವೆಲ್ ನಾರ್ಟನ್ ಮೊದಲಾದ ನಮ್ಮ ದೇಶದ ಕಂಪೆನಿಗಳೇ ಇಂಥ ಕಲ್ಲು ಮಾಡುತ್ತವೆ. ತರುವ ಮುಂಚೆ ಕಲ್ಲಿನ ತೂತಿಗೆ ಬೆರಳು ತೂರಿಸಿ ನೇತಾಡಿಸಿ, ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ. ಗಣ್ ಅಂತ ಗಂಟೆಯ ಹಾಗೆ ನುಡಿದರೆ ಸರಿ. ಒಡಕು ಮಡಕೆಯ ಸದ್ದು ಬಂದರೆ ಅಲ್ಲೇ ಬಿಟ್ಟುಬನ್ನಿ.

ವೋಲ್ಟೇಜು ನೋಡಿಕೊಳ್ಳಿ

ನಮ್ಮ ಹಳ್ಳಿಗಳಲ್ಲಿ ಸಂಜೆ ಹೊತ್ತು ವೋಲ್ಟೇಜು ಬೀಳುವುದು ಹೊಸತಲ್ಲ. ಇಂಡಕ್ಷನ್ ಮೋಟಾರಿನ ಬಲ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 230 ಇರಬೇಕಾದಲ್ಲಿ 160 ಬಂದರೆ ಬಲ ಅರ್ಧಕ್ಕೂ ಕಡಿಮೆ. ಆಗ ಕತ್ತಿ ಒತ್ತಿದರೆ ಮೋಟಾರು ನಿಂತು ಗುಂಯ್ ಅನ್ನುತ್ತದೆ, ಸುರುಳಿ ಸುಡುತ್ತದೆ. ಮಸೆಯುವ ಕೆಲಸ ಬೆಳಿಗ್ಗೆಯೇ ಮುಗಿಸಿದರೆ ಒಳ್ಳೆಯದು. ಕರೆಂಟಿನ ಖರ್ಚಿನ ಬಗ್ಗೆ ಚಿಂತೆ ಬೇಡ. ವಾರಕ್ಕೆ ಅರ್ಧ ಗಂಟೆ ಓಡಿಸಿದರೆ ತಿಂಗಳಿಗೆ ಒಂದು ಯೂನಿಟು ಸುಟ್ಟೀತು ಅಷ್ಟೆ.

ನೀರು ಮತ್ತು ಕರೆಂಟು ಒಂದೇ ಕಡೆ ಇರುವುದು ಮಾತ್ರ ಹುಡುಗಾಟವಲ್ಲ. ಮೂರು ಪಿನ್ನಿನ ಪ್ಲಗ್ಗು, ಸರಿಯಾದ ಅರ್ತಿಂಗ್, ಶಾಕ್ ಹೊಡೆದರೆ ತಾನೇ ಬೀಳುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಕಾಲಿಗೆ ಒಣ ಚಪ್ಪಲಿ, ಈ ನಾಲ್ಕೂ ಇರಲಿ. ಮೋಟಾರು ತೊಟ್ಟಿಗಿಂತ ಎತ್ತರದಲ್ಲಿ, ನೀರು ಸಿಡಿಯದ ಬದಿಯಲ್ಲಿರಲಿ. 'ಸ್ವಲ್ಪ ಹೊತ್ತಿನ ಕೆಲಸ ಅಲ್ವಾ' ಅಂತ ವಯರಿನ ತುದಿಯನ್ನೇ ಪ್ಲಗ್ಗಿಗೆ ಸಿಕ್ಕಿಸುವವರು ಈ ಯಂತ್ರದ ಹತ್ತಿರ ಬರಲೇಬಾರದು.

ಮಸೆಯುವ ಕ್ರಮ

ತೊಟ್ಟಿಗೆ ನೀರು ಹಾಕಿ, ಕಲ್ಲನ್ನು ಒಂದೆರಡು ನಿಮಿಷ ಬರಿದೇ ತಿರುಗಲು ಬಿಡಿ. ಹೊಸ ಕಲ್ಲು ತುಂಬಾ ನೀರು ಕುಡಿಯುತ್ತದೆ, ಮತ್ತೆ ತುಂಬಿಸಬೇಕು. ಬರಿಗೈಯಲ್ಲಿ ಹಿಡಿದು ಮಸೆಯುವವರು ಕಲ್ಲು ಕತ್ತಿಯ ಬಾಯಿಯಿಂದ ಹೊರಮುಖವಾಗಿ ಓಡುವ ಬದಿಯಲ್ಲಿ ಹಿಡಿಯಬೇಕು. ಎದುರಿನಿಂದ ಹಿಡಿದರೆ ಅಂಚು ಕಲ್ಲಿಗೆ ಕಚ್ಚಿಕೊಂಡೀತು.

ಅಡುಗೆಮನೆಯ ಚಾಕುವಿಗೆ ಒಂದೊಂದು ಬದಿಗೆ 15ರಿಂದ 20 ಡಿಗ್ರಿ, ತೋಟದ ಕತ್ತಿಗೆ 20ರಿಂದ 25, ಕೊಡಲಿಗೆ 25ರಿಂದ 30 ಡಿಗ್ರಿ ಇಳಿಜಾರು ಸರಿಹೋಗುತ್ತದೆ. ಡಿಗ್ರಿ ಅಳೆಯಲು ಯಾರಿಗೆ ಪುರುಸೊತ್ತು? ಅಂಚಿಗೆ ಮಾರ್ಕರ್ ಪೆನ್ನಿನ ಶಾಯಿ ಬಳಿದು ಒಮ್ಮೆ ಕಲ್ಲಿಗೆ ತಾಗಿಸಿ. ಶಾಯಿ ಹೋದ ಜಾಗ ನೋಡಿದರೆ ಎಲ್ಲಿ ತಾಗುತ್ತಿದೆ ಅಂತ ಗೊತ್ತಾಗುತ್ತದೆ. ಹಳೆಯ ಇಳಿಜಾರನ್ನೇ ಅನುಸರಿಸಿದರೆ ಆಯಿತು.

ಒಂದು ಬದಿ ಮಸೆಯುತ್ತಾ ಹೋದಂತೆ ಇನ್ನೊಂದು ಬದಿಗೆ ಕೂದಲಿನಂಥ ಎಳೆ ಹೊರಳುತ್ತದೆ. ಬೆರಳನ್ನು ಅಂಚಿನಿಂದ ಹೊರಕ್ಕೆ ಸವರಿದರೆ ತರಿತರಿ ಅನ್ನಿಸುತ್ತದೆ. ಉದ್ದಕ್ಕೂ ಹೀಗೆ ಬಂದರೆ ಮಾತ್ರ ಬದಿ ಬದಲಿಸಿ. ಕೊನೆಗೆ ಆ ಎಳೆ ತೆಗೆಯಲು ನಮ್ಮ ಹಳೆಯ ಮರದ ಹಲಗೆ ಮತ್ತು ಬೆಣಚುಕಲ್ಲಿನ ಹುಡಿಯೇ ಸಾಕು. ಸಾಣೆ ಬಂತೆಂದು ಹಲಗೆಯನ್ನು ಒಲೆಗೆ ಹಾಕಬೇಡಿ. ಕಲ್ಲು ಆಕಾರ ಕೊಡುತ್ತದೆ, ಕೊನೆಯ ಹರಿತ ಕೊಡುವುದು ಹಲಗೆಯೇ. ದಿನನಿತ್ಯಕ್ಕೆ ಹಲಗೆ, ಬಾಯಿ ಮುಕ್ಕಾದಾಗ ಅಥವಾ ತೀರ ಮೊಂಡಾದಾಗ ಸಾಣೆ, ಹೀಗೆ ಮಾಡಿದರೆ ಕಬ್ಬಿಣವೂ ಉಳಿಯುತ್ತದೆ. ಬಾಯಿ ಮುಕ್ಕಾದ ಕತ್ತಿಗೆ ಹಲಗೆಯಲ್ಲಿ ನನಗೆ ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು. ಈಗ ಸಾಣೆ, ಹಲಗೆ ಎರಡೂ ಸೇರಿ ಏಳೆಂಟು ನಿಮಿಷ.

ಕೆಲಸ ಮುಗಿದ ಕೂಡಲೆ ತೊಟ್ಟಿಯ ನೀರು ಚೆಲ್ಲಿ. ಕಲ್ಲನ್ನು ನೀರಿನಲ್ಲೇ ಬಿಟ್ಟರೆ ಒಂದು ಮಗ್ಗುಲು ಭಾರವಾಗಿ ಓಟ ಡೊಂಕಾಗುತ್ತದೆ. ಕತ್ತಿಯನ್ನು ಒರೆಸಿ ಒಂದು ಹನಿ ತೆಂಗಿನೆಣ್ಣೆ ಸವರಿ. ಕಲ್ಲಿನ ಮೈ ಗುಳಿ ಬಿದ್ದರೆ ಒರಟು ಕಾರ್ಬೋರಂಡಮ್ ತುಂಡು ಒತ್ತಿ ಹಿಡಿದು ಸಮ ಮಾಡಿಕೊಳ್ಳಿ. ಒಂದೇ ಜಾಗದಲ್ಲಿ ಒತ್ತದೆ ಕಲ್ಲಿನ ಅಗಲಕ್ಕೂ ಕತ್ತಿ ಓಡಾಡಿಸಿದರೆ ಗುಳಿ ಬೀಳುವುದೇ ಕಡಿಮೆ.

ಎಲ್ಲ ಹತ್ಯಾರಿಗೂ ಅಲ್ಲ

ಹಲ್ಲು ಇರುವ ಹುಲ್ಲುಗತ್ತಿಯನ್ನು ಕಲ್ಲಿಗೆ ಕೊಡಬೇಡಿ, ಹಲ್ಲೇ ಹೋಗುತ್ತದೆ. ಅದು ಆಚಾರ್ರ ಕೆಲಸ. ರಬ್ಬರ್ ಟ್ಯಾಪಿಂಗ್ ಕತ್ತಿಯ ಒಳಮೂಲೆಗೆ ಚಕ್ರ ಹೋಗುವುದಿಲ್ಲ, ಅದಕ್ಕೆ ಕೈಯಲ್ಲಿ ಹಿಡಿಯುವ ಸಣ್ಣ ಕಲ್ಲೇ ಗತಿ. ಕಸಿ ಕಟ್ಟುವ ಚಾಕು ಹೆಚ್ಚಾಗಿ ಒಂದೇ ಬದಿಗೆ ಇಳಿಜಾರು ಇರುವಂಥದ್ದು. ಇನ್ನೊಂದು ಬದಿ ಚಪ್ಪಟೆಯಾಗಿಯೇ ಇರಬೇಕು. ಎರಡೂ ಬದಿ ಮಸೆದರೆ ಕಸಿಯ ಕೊಯ್ತ ಸಪಾಟಾಗದೆ ಕಡ್ಡಿ ಕೂಡುವುದಿಲ್ಲ. ಹುಲ್ಲು ಕತ್ತರಿಸುವ ಯಂತ್ರದ ಬ್ಲೇಡನ್ನೂ ಇಳಿಜಾರಿನ ಬದಿಗೆ ಮಾತ್ರ ಮಸೆಯಿರಿ. ಜೋಡಿ ಬ್ಲೇಡುಗಳನ್ನು ಸಮನಾಗಿ ಸವೆಸಬೇಕು, ಇಲ್ಲದಿದ್ರೆ ಯಂತ್ರ ಅದುರುತ್ತದೆ.

ಯಾರಿಗೆ ಬೇಕು?

ಒಂದು ಎಕರೆ, ಎರಡು ಕತ್ತಿ ಇರುವವರಿಗೆ ಹಲಗೆ ಮತ್ತು ಕೈಸಾಣೆ ಸಾಕು. ಆಳುಗಳನ್ನು ಇಟ್ಟು ಕೆಲಸ ಮಾಡಿಸುವವರಿಗೆ, ಹಸುಗಳಿಗೆ ಯಂತ್ರದಲ್ಲಿ ಹುಲ್ಲು ಕತ್ತರಿಸುವವರಿಗೆ ನೀರಿನ ಸಾಣೆ ಉಪಯೋಗವೇ. ಅದರಲ್ಲೂ ಮನೆಗೊಂದು ಬೇಡ. ವಾರದಲ್ಲಿ ಅರ್ಧ ಗಂಟೆ ಓಡುವ ಯಂತ್ರ ಉಳಿದ ಹೊತ್ತು ಸುಮ್ಮನೆ ಕೂತಿರುತ್ತದೆ. ನಾಲ್ಕೈದು ಮನೆ ಸೇರಿ ಒಂದು ಮಾಡಿಸಿದರೆ ತಲೆಗೆ ಸಾವಿರ ಚಿಲ್ಲರೆ ಬೀಳುತ್ತದೆ. ನಮ್ಮಲ್ಲಿಗೆ ಈಗ ನೆರೆಕರೆಯ ಮೂರು ಮನೆಯವರು ಆದಿತ್ಯವಾರ ಬೆಳಿಗ್ಗೆ ಕತ್ತಿ ಹಿಡಿದುಕೊಂಡು ಬರುತ್ತಾರೆ. ಕಲ್ಲು ಸವೆದಾಗ ಹೊಸತಕ್ಕೆ ಎಲ್ಲರೂ ಸೇರಿ ಹಾಕುವುದು ಅಂತ ಮಾತಾಗಿದೆ.

ಕುಲುಮೆ ಇನ್ನೂ ಉಳಿದಿರುವ ಊರಿನವರು ಮಾತ್ರ ಸಾಣೆ ಬಂತೆಂದು ಆಚಾರ್ರನ್ನು ಮರೆಯಬಾರದು. ಬಾಯಿ ಸವೆದು ದಪ್ಪವಾದ ಕತ್ತಿಯನ್ನು ಕಾಯಿಸಿ, ತಟ್ಟಿ, ತೆಳು ಮಾಡಿ, ಹೊಸ ಹದ ಕೊಡಲು ಯಾವ ಕಲ್ಲಿಗೂ ಆಗುವುದಿಲ್ಲ.

ಕೊಳ್ಳುವ ಮುನ್ನ

* ಕಲ್ಲಿನ ಹೊರಮೈ ವೇಗ ನಿಮಿಷಕ್ಕೆ 50ರಿಂದ 100 ಮೀಟರಿನ ಒಳಗಿದೆಯೇ?
* ಕಲ್ಲು 200 ಮಿ.ಮೀ.ಗಿಂತ ಸಣ್ಣದಲ್ಲ ತಾನೇ? ಅಗಲ 25 ಮಿ.ಮೀ. ಆದರೂ ಬೇಕು.
* ಅದೇ ಅಳತೆಯ ಬದಲಿ ಕಲ್ಲು ಹತ್ತಿರದ ಪೇಟೆಯಲ್ಲಿ ಸಿಗುತ್ತದೆಯೇ?
* ಗೇರು ಲೋಹದ್ದೋ ಪ್ಲಾಸ್ಟಿಕಿನದೋ?
* ಒತ್ತಿದಾಗ ಕಲ್ಲು ನಿಲ್ಲುತ್ತದೆಯೇ?
* ತೊಟ್ಟಿ ಬಿಡಿಸಿ ನೀರು ಚೆಲ್ಲಲು ಸುಲಭವೇ?
* ಶಾಫ್ಟು ತುಕ್ಕು ಹಿಡಿಯದ ಉಕ್ಕಿನದೇ? ಅಲ್ಲದಿದ್ದರೆ ಕಲ್ಲು ಬದಲಿಸುವಾಗ ಬಿಡಿಸಲು ಬರುವುದಿಲ್ಲ. ಗ್ರೀಸು ಹಚ್ಚಿಯೇ ಕಲ್ಲು ಕೂರಿಸಿ.

ಸಾಣೆಯ ವಿಷಯದಲ್ಲಿ ಇದಕ್ಕಿಂತ ಸುಲಭದ, ಅಗ್ಗದ ಉಪಾಯ ಮಾಡಿಕೊಂಡವರು ಇದ್ದೇ ಇರುತ್ತೀರಿ. ಸೈಕಲ್ ಪೆಡಲಿಗೆ ನೀರಿನ ಕಲ್ಲು ಜೋಡಿಸಿದವರಿದ್ದರೆ, ಅಳತೆ ಮತ್ತು ಖರ್ಚಿನ ಸಮೇತ ಪತ್ರಿಕೆಗೆ ಬರೆಯಿರಿ. ಕರೆಂಟು ಕೈಕೊಡುವ ಮಳೆಗಾಲಕ್ಕೆ ಅದು ನಮಗೆಲ್ಲ ಬೇಕಾಗುತ್ತದೆ.